ಕ್ಯಾರೆಟ್ ಸೊಪ್ಪಿಗೆ ಜಿನೋವಾದ ಒರಳು

ಕೇಳುಗರಿಗೆ ನಮಸ್ಕಾರ.

ಸಂತೆಯಲ್ಲಿ ಕ್ಯಾರೆಟ್ ಕೊಂಡರೆ ತರಕಾರಿಯಾಕೆ ಮೊದಲು ಮಾಡುವ ಕೆಲಸ ಸೊಪ್ಪಿನ ಜುಟ್ಟು ಹಿಡಿದು ಒಂದೇ ತಿರುವಿಗೆ ಮುರಿಯುವುದು. ಮುರಿದದ್ದು ಬೀದಿ ಹಸುವಿನ ಪಾಲು. "ಸೊಪ್ಪು ಇರಲಮ್ಮಾ" ಎಂದು ನಾನು ಹೇಳಿದ ದಿನ ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮನೆಯಲ್ಲಿ ಮೊಲ ಸಾಕಿದ್ದೀರಾ?" ಎಂದು ಕೇಳಿದಳು. ಮೊಲವಲ್ಲ, ಪಾಸ್ತಾ ಎನ್ನಲು ನಾಚಿಕೆಯಾಗಿ ಸುಮ್ಮನೆ ನಕ್ಕೆ.

ಆ ಸೊಪ್ಪಿನಿಂದ ಪಾಸ್ತಾಕ್ಕೆ ಪೆಸ್ಟೊ ಮಾಡುವುದು ನನ್ನ ಉದ್ದೇಶ. ಪೆಸ್ಟೊ ಎಂದರೆ ಇಟಲಿಯ ಜಿನೋವಾ ಪಟ್ಟಣದ ಚಟ್ನಿ. ಹೆಸರಿನ ಅರ್ಥವೇ ಕುಟ್ಟಿದ್ದು. ನಾವು ಕಾಮಕಸ್ತೂರಿ ಎನ್ನುವ ಜಾತಿಯದೇ ಬೇಸಿಲ್ ಎಲೆ, ಬೆಳ್ಳುಳ್ಳಿ, ಹರಳುಪ್ಪು, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ. ಇಷ್ಟನ್ನೂ ಅಮೃತಶಿಲೆಯ ಒರಳಿನಲ್ಲಿ ಮರದ ಕುಟ್ಟಾಣಿಯಿಂದ ಅರೆಯುತ್ತಾರೆ. ಇಂದಿನ ಜಿನೋವಾದವರು ಬೇಸಿಲ್ ಇಲ್ಲದ್ದನ್ನು ಪೆಸ್ಟೊ ಎಂದರೆ ಹುಬ್ಬು ಗಂಟಿಕ್ಕಿಯಾರು. ಆದರೆ ಅವರ ಊರಿನ ರಾಟ್ಟೊ ಎಂಬವರು 1863ರಲ್ಲಿ ಹೊರತಂದ ಅಡುಗೆ ಪುಸ್ತಕ ಬೇಸಿಲ್ ಸಿಗದಿದ್ದರೆ ಮಾರ್ಜೋರಂ, ಪಾರ್ಸ್ಲಿ ಸೊಪ್ಪು ಹಾಕಿ ಎನ್ನುತ್ತದೆ. ಪಾರ್ಸ್ಲಿ, ಕೊತ್ತಂಬರಿ, ಕ್ಯಾರೆಟ್ ಮೂರೂ ಒಂದೇ ಕುಟುಂಬದವು. ನನಗೆ ಬೇಕಾಗಿದ್ದ ಅಪ್ಪಣೆ ಸಿಕ್ಕಿತು!

ಮೊದಲ ಸಲ ಹಸಿ ಸೊಪ್ಪನ್ನು ದಂಟಿನ ಸಮೇತ ಮಿಕ್ಸಿಗೆ ಹಾಕಿದೆ. ಕಹಿ, ಜೊತೆಗೆ ಹಲ್ಲಿನ ಸಂದಿಯಲ್ಲೆಲ್ಲ ನಾರು. ಈಗ ಗರಿಯಂಥ ಎಲೆಯನ್ನಷ್ಟೇ ಬಿಡಿಸಿಕೊಳ್ಳುತ್ತೇನೆ. ದಂಟು ಹಸುವಿಗೇ ಇರಲಿ. ಎರಡು ಹಿಡಿ ಎಲೆಯನ್ನು ಮೂರು ನಾಲ್ಕು ನೀರಿನಲ್ಲಿ ಜಾಲಿಸಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕುತ್ತೇನೆ. ಕಹಿ ಇಳಿಯುತ್ತದೆ. ಎಲೆಯನ್ನು ಕಪ್ಪಾಗಿಸುವ ಕಿಣ್ವವೂ ಬಿಸಿಗೆ ಸೋಲುವುದರಿಂದ ಹಸಿರು ಉಳಿಯುತ್ತದೆ. ಆಮೇಲೆ ಒದ್ದೆ ಬಟ್ಟೆ ಹಿಂಡುವಂತೆ ಹಿಂಡಬೇಕು. ನೀರು ಉಳಿದರೆ ಪೆಸ್ಟೊ ಅಲ್ಲ, ಸಾರು.

ಎರಡು ಎಸಳು ಬೆಳ್ಳುಳ್ಳಿ, ಉಪ್ಪು, ಹುರಿದು ಸಿಪ್ಪೆ ತೆಗೆದ ಒಂದು ಹಿಡಿ ಕಡಲೆಕಾಯಿ ಬೀಜ. ಮೊದಲು ಇವನ್ನು ತರಿಯಾಗಿ ಅರೆದು, ಸೊಪ್ಪು ಸೇರಿಸಿ, ಎಣ್ಣೆಯನ್ನು ಎಳೆಯಾಗಿ ಬಿಡುತ್ತಾ ಮಿಕ್ಸಿಯನ್ನು ತಡೆತಡೆದು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಬಣ್ಣ ಕೆಡುತ್ತದೆ. ಚೀಸ್ ಇದ್ದರೆ ಕೊನೆಗೆ ತುರಿದು ಹಾಕಿ, ಇಲ್ಲದಿದ್ದರೆ ಕಡಲೆಕಾಯಿಯನ್ನು ಸ್ವಲ್ಪ ಹೆಚ್ಚಿಸಿ. ಮೂಲಂಗಿ ಸೊಪ್ಪಾದರೆ ಬೆಳ್ಳುಳ್ಳಿ ಒಂದೇ ಎಸಳು ಸಾಕು, ಅದರ ಖಾರ ಅದಕ್ಕೇ ಇದೆ. ಬೀಟ್‌ರೂಟ್ ಸೊಪ್ಪೂ ನಡೆಯುತ್ತದೆ, ಕೆಂಪು ದಂಟು ಬಿಡಿಸಿದರೆ. ಆಲೂಗಡ್ಡೆ ಗಿಡದ ಸೊಪ್ಪು ಮಾತ್ರ ಬೇಡ, ಅದು ವಿಷ.

ಇನ್ನು ಪಾಸ್ತಾ, ತಣ್ಣಗೆ ತಿನ್ನುವಂಥದ್ದು. ಕಾಲು ಕಿಲೋ ಪಾಸ್ತಾಕ್ಕೆ ಎರಡೂವರೆ ಲೀಟರ್ ನೀರು. ಲೀಟರಿಗೆ 10 ಗ್ರಾಂ ಉಪ್ಪು. ಸುರುಳಿ ಆಕಾರದ ಪಾಸ್ತಾ ಒಳ್ಳೆಯದು, ಸಂದಿಗಳಲ್ಲಿ ಚಟ್ನಿ ಕೂರುತ್ತದೆ. ಬೆಂದ ನೀರನ್ನು ಅರ್ಧ ಲೋಟ ತೆಗೆದಿಟ್ಟು ಬಸಿಯಿರಿ. ಉಗುರುಬೆಚ್ಚಗಾದಾಗ ಅರ್ಧ ಪೆಸ್ಟೊ ಕಲಸಿ, ಪೂರ್ತಿ ಆರಿದ ಮೇಲೆ ಉಳಿದರ್ಧ. ತಣ್ಣಗಾಗುತ್ತಾ ಪಾಸ್ತಾ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ, ಅದಕ್ಕೇ ಈ ಎರಡು ಕಂತು. ಬಿಗಿಯಾದರೆ ತೆಗೆದಿಟ್ಟ ನೀರು ಚಿಮುಕಿಸಿ. ಜಿನೋವಾದಲ್ಲಿ ಬಿಸಿ ಪಾಸ್ತಾಕ್ಕೆ ಪೆಸ್ಟೊ ಜೊತೆ ಬೇಯಿಸಿದ ಆಲೂಗಡ್ಡೆ, ಹುರುಳಿಕಾಯಿ ಸೇರಿಸುವುದುಂಟು. ನಾನು ಅದೇ ಹುರುಳಿಕಾಯಿಯನ್ನು ತಣ್ಣಗೆ ಹಾಕಿ, ಸಣ್ಣಗೆ ಹೆಚ್ಚಿದ ಹಸಿ ಕ್ಯಾರೆಟ್ಟನ್ನೂ ಬೆರೆಸುತ್ತೇನೆ. ಗಡ್ಡೆಯೂ ಸೊಪ್ಪೂ ಮತ್ತೆ ಒಂದೇ ತಟ್ಟೆಯಲ್ಲಿ! ನಿಂಬೆರಸ ಬಡಿಸುವಾಗಲೇ ಹಿಂಡಿ, ಮೊದಲೇ ಹಿಂಡಿದರೆ ಹಸಿರು ಮಂಕಾಗುತ್ತದೆ.

ಮಿಕ್ಕ ಪೆಸ್ಟೊವನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗಿಟ್ಟರೆ ಅಪಾಯ. ನಮ್ಮ ಮನೆಯಲ್ಲಿ ಅದು ಎರಡನೆಯ ದಿನವೇ ದೋಸೆಯ ಮೇಲೆ ಖರ್ಚಾಗುತ್ತದೆ.

ನಮಸ್ಕಾರ.