ಒಂದು ಮತ, ಒಂದು ಕೊಯ್ಲು: ಸೀಸರ್ ರಾಡ್ನಿಯ ಬದುಕು

ಕೇಳುಗರಿಗೆ ನಮಸ್ಕಾರ.

1776ರ ಜುಲೈ 4ರಂದು ಫಿಲಡೆಲ್ಫಿಯಾದಿಂದ ಅಣ್ಣನೊಬ್ಬ ಊರಲ್ಲಿದ್ದ ತಮ್ಮನಿಗೆ ಕಾಗದ ಬರೆದ. ಗುಡುಗು ಮಳೆಯಿಂದ ದಾರಿಯಲ್ಲಿ ತಡವಾಯಿತು, ಆದರೂ ಸ್ವಾತಂತ್ರ್ಯದ ವಿಷಯದಲ್ಲಿ ನನ್ನ ಮಾತು ಹೇಳುವ ಹೊತ್ತಿಗೆ ಕಾಂಗ್ರೆಸ್ ಸಭೆ ಮುಟ್ಟಿದೆ ಎಂದು ತಿಳಿಸಿದ. ಕಾಂಗ್ರೆಸ್ ಎಂದರೆ ಅಮೆರಿಕದ ಬ್ರಿಟಿಷ್ ವಸಾಹತುಗಳ ಪ್ರತಿನಿಧಿಗಳ ಸಭೆ. ಘೋಷಣೆಯನ್ನು ಪೂರ್ತಿ ಮುಗಿಸಿ ಅಚ್ಚಿಗೆ ಕೊಟ್ಟಿದ್ದೇವೆ, ಬೇಗ ನಿನ್ನ ಕೈಗೂ ಬರುತ್ತದೆ ಎಂದ. ಕಾಗದ ಮುಗಿಸುವ ಮುಂಚೆ ಇನ್ನೊಂದು ಮಾತು ಸೇರಿಸಿದ: ನನ್ನ ಹೊಲದ ಕೊಯ್ಲನ್ನು ಹತ್ತಿರವಿದ್ದು ಜೋಪಾನವಾಗಿ ನೋಡಿಕೊ, ಅಲಕ್ಷ್ಯ ಮಾಡಬೇಡ.

ಒಂದು ದೇಶ ಹುಟ್ಟಿದ ಸುದ್ದಿ, ಅದರ ಬೆನ್ನಿಗೇ ಪೈರಿನ ಚಿಂತೆ. ಹೀಗೆ ಬರೆದವನ ಹೆಸರು ಸೀಸರ್ ರಾಡ್ನಿ. ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಎಂಬ ಹೆಸರುಗಳನ್ನು ನಾವು ಶಾಲೆಯ ಪಾಠದಲ್ಲೇ ಕೇಳಿದ್ದೇವೆ. ರಾಡ್ನಿಯ ಹೆಸರು ಅಲ್ಲಿ ಬರುವುದಿಲ್ಲ. ಇವತ್ತು ಅವನ ಕಥೆ ಹೇಳಬೇಕೆಂದು ಬಂದಿದ್ದೇನೆ.

ಅವನ ನಾಡು ಡೆಲವೇರ್, ಆ ವಸಾಹತುಗಳಲ್ಲೊಂದು. ಆಗ ಅದಕ್ಕೆ ಸ್ವಂತ ಹೆಸರು ಕೂಡ ನೆಟ್ಟಗಿರಲಿಲ್ಲ. ಡೆಲವೇರ್ ನದಿಯ ಕೆಳಗಿನ ಮೂರು ಕೌಂಟಿಗಳು ಎಂದೇ ಕರೆಯುತ್ತಿದ್ದರು. ನ್ಯೂ ಕ್ಯಾಸಲ್, ಕೆಂಟ್, ಸಸೆಕ್ಸ್, ಅಷ್ಟೇ. ಶಾಸನಸಭೆ ಬೇರೆ ಇದ್ದರೂ ಗವರ್ನರ್ ಮಾತ್ರ ಪಕ್ಕದ ಪೆನ್ಸಿಲ್ವೇನಿಯಾದವನೇ. ಈ ಮೂರರಲ್ಲಿ ನಡುವಿನದು ಕೆಂಟ್. ಅಲ್ಲಿನ ಡೋವರ್ ಪಟ್ಟಣದ ಹತ್ತಿರ, ಸೇಂಟ್ ಜೋನ್ಸ್ ಹೊಳೆಯ ಬದಿಯ ಬೈಫೀಲ್ಡ್ ಎಂಬ ಜಮೀನಿನಲ್ಲಿ 1728ರ ಅಕ್ಟೋಬರ್ 7ರಂದು ರಾಡ್ನಿ ಹುಟ್ಟಿದ. ಎಂಟು ಮಕ್ಕಳಲ್ಲಿ ಹಿರಿಯ. ಗೋಧಿ, ಬಾರ್ಲಿ ಬೆಳೆದು ಫಿಲಡೆಲ್ಫಿಯಾದ ಪೇಟೆಗೆ ಕಳಿಸುವ ಉಳ್ಳವರ ಮನೆ. ಓದಿಗೆಂದು ಹುಡುಗನನ್ನೂ ಅದೇ ಫಿಲಡೆಲ್ಫಿಯಾಕ್ಕೆ ಕಳಿಸಿದ್ದರು. ಅವನಿಗೆ ಹದಿನೇಳು ತುಂಬುವ ಹೊತ್ತಿಗೆ ತಂದೆ ತೀರಿಹೋದರು. ಓದು ಅಲ್ಲಿಗೇ ನಿಂತಿತು. ಕೌಂಟಿಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ನಿಕೊಲಸ್ ರಿಜ್ಲಿ ಎಂಬವರು ಅವನ ಪಾಲಕರಾದರು. ಜಮೀನಿನ ಕಾಗದಪತ್ರ, ಕೋರ್ಟು ಕಚೇರಿಯ ವ್ಯವಹಾರ ಎಲ್ಲ ಹುಡುಗನಿಗೆ ಗೊತ್ತಾದದ್ದು ಆ ಮನೆಯ ಒಡನಾಟದಿಂದಲೇ ಇರಬೇಕು. ಕಿರಿಯ ತಮ್ಮ ಥಾಮಸ್ ಆಗಿನ್ನೂ ಎಳೆಗೂಸು. ಜುಲೈ 4ರ ಕಾಗದ ಹೋದದ್ದು ಇದೇ ಥಾಮಸ್‌ನಿಗೆ. ಅಣ್ಣ ಎನ್ನುವುದಕ್ಕಿಂತ ತಂದೆಯ ಜಾಗದಲ್ಲಿ ನಿಂತೇ ರಾಡ್ನಿ ಅವನನ್ನು ನೋಡಿಕೊಂಡ ಎನ್ನಬೇಕು.

1755ರಲ್ಲಿ, ಇನ್ನೂ ಇಪ್ಪತ್ತೇಳರ ಒಳಗೇ, ಅವನು ಕೆಂಟ್ ಕೌಂಟಿಯ ಶೆರಿಫ್ ಆದ. ಶೆರಿಫ್ ಎಂದರೆ ಕಾನೂನು ಜಾರಿ ಮಾಡುವವನು, ಜೊತೆಗೆ ಚುನಾವಣೆ ನಡೆಸುವವನೂ ಅವನೇ. ಊರೂರಿನ ಜನರ ಮುಖ ಪರಿಚಯ ಆಗುವ ಕೆಲಸ. ಅಲ್ಲಿಂದಾಚೆ ಒಂದರ ಮೇಲೊಂದು ಹುದ್ದೆ. ಆಸ್ತಿಪತ್ರಗಳ ನೋಂದಣಿ ಮಾಡಿದ, ಉಯಿಲುಗಳ ದಫ್ತರ ಇಟ್ಟ, ಅನಾಥ ಮಕ್ಕಳ ಆಸ್ತಿಯ ವ್ಯಾಜ್ಯ ನೋಡುವ ನ್ಯಾಯಾಲಯದಲ್ಲಿ ಗುಮಾಸ್ತನಾದ. ಕಾನೂನು ಓದದಿದ್ದರೂ 1769ರಲ್ಲಿ ಮೂರು ಕೌಂಟಿಗಳ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶನಾಗಿ ಕುಳಿತ. ಶಾಸನಸಭೆಗೆ ಮತ್ತೆ ಮತ್ತೆ ಆರಿಸಿಬಂದು ಅದರ ಸ್ಪೀಕರ್ ಆದ. ಫ್ರೆಂಚರ ಮೇಲಿನ ಯುದ್ಧದ ಕಾಲದಲ್ಲಿ ಊರ ದಂಡಿನ ಕ್ಯಾಪ್ಟನ್ ಕೂಡ ಆಗಿದ್ದ. ಊರ ದಂಡು ಎಂದರೆ ಮಿಲಿಷಿಯಾ. ಸಂಬಳದ ಸೈನಿಕರಲ್ಲ, ಹೊಲ ಬಿಟ್ಟು ಬಂದೂಕು ಹಿಡಿದು ಬರುವ ಒಕ್ಕಲು ಮಕ್ಕಳು.

ನನಗೆ ರಾಡ್ನಿಯ ಬಗ್ಗೆ ಗೌರವ ಹುಟ್ಟಿದ್ದು ಈ ಭಾಗದಲ್ಲೇ. ಎಲ್ಲರೂ ಅವನ ಒಂದು ರಾತ್ರಿಯ ಪ್ರಯಾಣವನ್ನು ಹೇಳುತ್ತಾರೆ. ಅದರ ಹಿಂದೆ ಇಪ್ಪತ್ತು ವರ್ಷ ಕೆಂಟ್ ಕೌಂಟಿಯ ಧೂಳು ಹಿಡಿದ ಕಡತಗಳಿವೆ.

1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಛಾಪಾ ಕಾಯ್ದೆ ತಂದಿತು. ನಮ್ಮಲ್ಲಿ ಛಾಪಾಕಾಗದ ಎನ್ನುತ್ತೇವಲ್ಲ, ಅದೇ ಛಾಪಾ. ಕರಾರುಪತ್ರಕ್ಕೆ, ಪತ್ರಿಕೆಗೆ, ಕಡೆಗೆ ಇಸ್ಪೀಟ್ ಎಲೆಗೂ ತೆರಿಗೆ. ತೆರಿಗೆ ಹಾಕಿದ ಸಭೆಯಲ್ಲಿ ವಸಾಹತಿನವರ ಪರವಾಗಿ ಒಬ್ಬನೂ ಇರಲಿಲ್ಲ. ಆ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಕೂಡಿ ಪ್ರತಿಭಟಿಸಿದರು. ಕೆಳಗಿನ ಕೌಂಟಿಗಳಿಂದ ಅಲ್ಲಿಗೆ ಹೋದವರಲ್ಲಿ ರಾಡ್ನಿ ಒಬ್ಬ, ಥಾಮಸ್ ಮಕೀನ್ ಎಂಬ ವಕೀಲ ಇನ್ನೊಬ್ಬ. ಈ ಮಕೀನ್ ಹೆಸರು ನೆನಪಿರಲಿ, ಮುಂದೆ ಬರುತ್ತಾನೆ.

ಇನ್ನು ರಾಡ್ನಿಯ ಮೈಯ ಸಂಗತಿ. ಅವನಿಗೆ ಉಬ್ಬಸದ ಕಾಟವಿತ್ತು. ಅದರ ಮೇಲೆ ಮೂಗಿನ ಮೇಲೊಂದು ಹುಣ್ಣು ಎದ್ದು, ಅದು ಕ್ಯಾನ್ಸರ್ ಎಂದಾಯಿತು. ಲಂಡನ್ನಿಗೆ ಹೋಗಿ ತೋರಿಸುವ ಯೋಚನೆ ಇತ್ತು, ಹೋಗಲಿಲ್ಲ. 1768ರಲ್ಲಿ ಫಿಲಡೆಲ್ಫಿಯಾದ ವೈದ್ಯರ ಕೈಯಲ್ಲಿ ಅದನ್ನು ತೆಗೆಸಿಕೊಂಡ. ಅರಿವಳಿಕೆ ಎಂಬುದು ಇಲ್ಲದ ಕಾಲ. ಕಣ್ಣಿನ ಮೂಲೆಯಿಂದ ಮೂಗಿನ ಅರ್ಧಕ್ಕೂ ಕೆಳಗೆ, ಮೂಳೆ ಮುಟ್ಟುವಷ್ಟು ಆಳದ ಕುಳಿ ಬಿದ್ದಿದೆ ಎಂದು ತಮ್ಮನಿಗೆ ಬರೆದ. ಗಾಯ ಮಾಯಿತು, ರೋಗ ಹೋಗಲಿಲ್ಲ. ಹಸಿರು ರೇಷ್ಮೆಯ ವಸ್ತ್ರದಿಂದ ಮುಖದ ಆ ಭಾಗ ಮುಚ್ಚಿಕೊಳ್ಳುತ್ತಿದ್ದ ಎಂದು ಹೇಳುತ್ತಾರೆ. ಅವನು ಕೂತು ಬರೆಸಿದ ಚಿತ್ರ ಒಂದೂ ಉಳಿದಿಲ್ಲ.

ಚಿತ್ರವಿಲ್ಲದಿದ್ದರೂ ಮಾತಿನಲ್ಲಿ ಅವನನ್ನು ಒಬ್ಬರು ಹಿಡಿದಿಟ್ಟಿದ್ದಾರೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್ 1774ರಲ್ಲಿ ಅವನನ್ನು ಕಂಡು ದಿನಚರಿಯಲ್ಲಿ ಬರೆದುಕೊಂಡ. ನೋಡಲು ಜಗತ್ತಿನಲ್ಲೇ ವಿಚಿತ್ರ ಮನುಷ್ಯ, ಎತ್ತರ, ಜೊಂಡಿನಂತೆ ಸಪೂರ, ಬಿಳಿಚಿಕೊಂಡವನು, ಮುಖ ಒಂದು ದೊಡ್ಡ ಸೇಬಿಗಿಂತ ದೊಡ್ಡದಿಲ್ಲ. ಆದರೂ ಆ ಮುಖದಲ್ಲಿ ತಿಳಿವಿದೆ, ಕಿಚ್ಚಿದೆ, ಚುರುಕಿದೆ, ವಿನೋದವಿದೆ. ಆಡಮ್ಸ್ ಬರೆದದ್ದರ ಸಾರ ಇದು.

ರಾಡ್ನಿ ಮದುವೆಯಾಗಲಿಲ್ಲ. ಮೇರಿ ವೈನಿಂಗ್ ಎಂಬ ಹುಡುಗಿಯ ಮೇಲೆ ಮನಸ್ಸಿತ್ತು. 1761ರಲ್ಲಿ ಅವಳಿಗೆ ಬರೆದ ಕಾಗದ ಉಳಿದಿದೆ. ಅವಳು ಡೋವರಿನ ಪಾದ್ರಿ ಚಾರ್ಲ್ಸ್ ಇಂಗ್ಲಿಸ್‌ನನ್ನು ವರಿಸಿ 1764ರಲ್ಲಿ ತೀರಿಕೊಂಡಳು. ಆ ಇಂಗ್ಲಿಸ್ ಮುಂದೆ ಬ್ರಿಟಿಷ್ ದೊರೆಯ ಕಟ್ಟಾ ಪಕ್ಷಪಾತಿಯಾದ.

ಈಗ 1776ಕ್ಕೆ ಬರೋಣ. ಜೂನ್ 15ರಂದು ರಾಡ್ನಿಯೇ ಸ್ಪೀಕರ್ ಆಗಿದ್ದ ಸಭೆ ದೊರೆಯ ಅಧಿಕಾರವನ್ನು ಕಳಚಿಹಾಕಿತು. ಡೆಲವೇರಿನಲ್ಲಿ ಆ ದಿನವನ್ನು ಈಗಲೂ ಬೇರ್ಪಡೆಯ ದಿನವೆಂದು ಆಚರಿಸುತ್ತಾರೆ. ಆದರೆ ದೊರೆಯನ್ನು ಬಿಡಲೊಲ್ಲದ ಜನ ಕೆಂಟ್, ಸಸೆಕ್ಸ್‌ಗಳಲ್ಲಿ ಬೇಕಾದಷ್ಟಿದ್ದರು. ಗಲಭೆ ಎದ್ದಿತು. ರಾಡ್ನಿ ಆಗ ಊರ ದಂಡಿನ ಬ್ರಿಗೇಡಿಯರ್ ಜನರಲ್. ಕಾಂಗ್ರೆಸ್ ಸದಸ್ಯನಾಗಿದ್ದರೂ ಫಿಲಡೆಲ್ಫಿಯಾ ಬಿಟ್ಟು ಊರಲ್ಲೇ ಉಳಿದ.

ಅತ್ತ ಜುಲೈ 1ರಂದು ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಠರಾವು ಮೊದಲ ಮತಕ್ಕೆ ಬಂತು. ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ವಸಾಹತಿಗೂ ಒಂದೇ ಮತ. ಒಂಬತ್ತು ಪರ. ಪೆನ್ಸಿಲ್ವೇನಿಯಾ, ದಕ್ಷಿಣ ಕೆರೊಲಿನಾ ವಿರುದ್ಧ. ನ್ಯೂಯಾರ್ಕಿನವರಿಗೆ ಊರಿಂದ ಅಪ್ಪಣೆ ಬಂದಿರಲಿಲ್ಲ, ಸುಮ್ಮನಿದ್ದರು. ಡೆಲವೇರಿನದು ಇಬ್ಬಂದಿ. ಮೂವರು ಪ್ರತಿನಿಧಿಗಳಲ್ಲಿ ಮಕೀನ್ ಬೇಕೆಂದ, ಜಾರ್ಜ್ ರೀಡ್ ಈಗ ಬೇಡವೆಂದ. ಮೂರನೆಯವನು ಊರಲ್ಲಿ. ಮಕೀನ್ ತನ್ನ ಕೈಯಿಂದ ದುಡ್ಡು ಕೊಟ್ಟು ಒಬ್ಬ ಸವಾರನನ್ನು ರಾಡ್ನಿಯ ಕಡೆಗೆ ಓಡಿಸಿದ.

ಸುಮಾರು ಎಂಬತ್ತು ಮೈಲಿ ದಾರಿ, ನಮ್ಮ ಲೆಕ್ಕದಲ್ಲಿ 130 ಕಿಲೋಮೀಟರ್ ಹತ್ತಿರ. ಗುಡುಗು, ಮಳೆ, ಕೆಸರು, ನಡುವೆ ಹೊಳೆಗಳು. ನಲವತ್ತೇಳು ದಾಟಿದ, ಉಬ್ಬಸದ, ಮುಖದಲ್ಲಿ ಕ್ಯಾನ್ಸರ್ ಹೊತ್ತ ಮನುಷ್ಯ ಆ ರಾತ್ರಿ ಹೊರಟ. ಪೂರ್ತಿ ಕುದುರೆಯ ಮೇಲೇ ಬಂದನೋ, ಸ್ವಲ್ಪ ದೂರ ಗಾಡಿಯಲ್ಲಿ ಬಂದನೋ ಎಂದು ಇತಿಹಾಸಕಾರರು ಚರ್ಚೆ ಮಾಡುತ್ತಾರೆ. ತಮ್ಮನಿಗೆ ಬರೆದ ಕಾಗದದಲ್ಲಿ ಕುದುರೆಯ ಮಾತೇ ಇಲ್ಲ. ಬಹಳ ವರ್ಷಗಳ ಮೇಲೆ, 1813ರಲ್ಲಿ, ಮುದುಕನಾಗಿದ್ದ ಮಕೀನ್ ರಾಡ್ನಿಯ ತಮ್ಮ ಥಾಮಸ್‌ನ ಮಗನಿಗೆ ಬರೆದ: ಸಭೆಯ ಬಾಗಿಲಲ್ಲಿ ನಿಮ್ಮ ದೊಡ್ಡಪ್ಪನನ್ನು ಎದುರುಗೊಂಡೆ, ಕಾಲಲ್ಲಿ ಬೂಟು, ಬೂಟಿಗೆ ಸವಾರನ ಮುಳ್ಳು ಹಾಗೇ ಇತ್ತು.

ಜುಲೈ 2ರಂದು ಡೆಲವೇರಿನ ಮತ ಸ್ವಾತಂತ್ರ್ಯದ ಕಡೆ ಬಿತ್ತು. ಒಂದು ಮಾತು ಸ್ಪಷ್ಟ ಮಾಡಬೇಕು. ಅವನು ಬಾರದಿದ್ದರೂ ಲೆಕ್ಕದಲ್ಲಿ ಬಹುಮತವಿತ್ತು. ಆದರೆ ಸಿಕ್ಕಿಬಿದ್ದರೆ ನೇಣು ಎಂದು ಗೊತ್ತಿದ್ದ ಜನ ಅವರು. ಒಡಕಿರುವ ಮನೆಯಾಗಿ ಸಾಮ್ರಾಜ್ಯವನ್ನು ಎದುರಿಸಲು ಯಾರಿಗೂ ಧೈರ್ಯವಿರಲಿಲ್ಲ. ಅದೇ ದಿನ ದಕ್ಷಿಣ ಕೆರೊಲಿನಾ ಮನಸ್ಸು ಬದಲಿಸಿತು. ಪೆನ್ಸಿಲ್ವೇನಿಯಾದಲ್ಲಿ ಬೇಡವೆನ್ನುತ್ತಿದ್ದ ಜಾನ್ ಡಿಕಿನ್ಸನ್ ಮತ್ತು ರಾಬರ್ಟ್ ಮಾರಿಸ್ ಮತದಿಂದ ದೂರ ಉಳಿದರು. ಹನ್ನೆರಡು ಪರ, ವಿರುದ್ಧ ಒಂದೂ ಇಲ್ಲ.

ಊರು ಅವನನ್ನು ಹೂವಿನ ಹಾರ ಹಿಡಿದು ಎದುರುಗೊಳ್ಳಲಿಲ್ಲ. ಡೆಲವೇರಿನ ಸಂವಿಧಾನ ಬರೆಯುವ ಸಭೆಗೆ ಚುನಾವಣೆ ಬಂದಾಗ ಕೆಂಟ್ ಕೌಂಟಿ ಅವನನ್ನು ಸೋಲಿಸಿತು. ಹೊಸ ಶಾಸನಸಭೆ ಮಕೀನ್‌ನನ್ನೂ ಅವನನ್ನೂ ಕಾಂಗ್ರೆಸ್ಸಿನಿಂದ ಕೈಬಿಟ್ಟು, ಬೇಡವೆಂದಿದ್ದ ರೀಡ್‌ನನ್ನು ಉಳಿಸಿಕೊಂಡಿತು. ಇನ್ನೊಬ್ಬನಾದರೆ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ರಾಡ್ನಿ ದಂಡಿನ ಕಡೆ ಹೊರಳಿದ.

ಅವನ ಗೆಳೆಯ ಕರ್ನಲ್ ಜಾನ್ ಹ್ಯಾಸ್ಲೆಟ್ ಡೆಲವೇರ್ ರೆಜಿಮೆಂಟಿನ ನಾಯಕ. 1777ರ ಜನವರಿ 3ರಂದು ಪ್ರಿನ್ಸ್‌ಟನ್ ಕಾಳಗದಲ್ಲಿ ತಲೆಗೆ ಗುಂಡು ತಗುಲಿ ಸತ್ತ. ಆ ಚಳಿಗಾಲದಲ್ಲೇ ರಾಡ್ನಿ ಉತ್ತರಕ್ಕೆ ಹೋಗಿ ಟ್ರೆಂಟನ್ ಠಾಣೆಯ ಹೊಣೆ ಹೊತ್ತ. ಬಂದ ಬಂದ ತುಕಡಿಗಳನ್ನು ವಾಷಿಂಗ್ಟನ್‌ನ ಪಾಳೆಯಕ್ಕೆ ಸಾಗಿಸುವುದು ಅವನ ಕೆಲಸ. ಅದರಲ್ಲಿ ಕತ್ತಿಯ ಝಳಪಿಲ್ಲ, ಹಾಡು ಕಟ್ಟುವಂಥದ್ದೂ ಏನಿಲ್ಲ. ಆದರೆ ಆ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಅವನಿಗೆ ಕಾಗದ ಬರೆದು, ಕಷ್ಟದ ಗಳಿಗೆಯಲ್ಲಿ ಕಣಕ್ಕಿಳಿದದ್ದಕ್ಕೆ, ಟ್ರೆಂಟನ್ನಿನಿಂದ ಸೈನ್ಯವನ್ನು ಚುರುಕಾಗಿ ಮುಂದಕ್ಕೆ ಕಳಿಸಿದ್ದಕ್ಕೆ ಮನಸಾರೆ ಹೊಗಳಿದ.

ಅದೇ ವರ್ಷ ಸೆಪ್ಟೆಂಬರ್ 3ರಂದು ಯುದ್ಧ ಡೆಲವೇರಿನ ನೆಲಕ್ಕೇ ಬಂತು, ಕೂಚ್‌ನ ಸೇತುವೆಯ ಬಳಿ. ಬ್ರಿಟಿಷರ ಕಡೆಯ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. 1791ರಲ್ಲಿ ಬೆಂಗಳೂರು ಕೋಟೆಗೆ ಲಗ್ಗೆ ಹಾಕಿದವನು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡವನು ಇವನೇ. ಅಮೆರಿಕದ ಯುದ್ಧದಲ್ಲಿ ಕಡೆಗೆ ಸೋತು, ಆಮೇಲೆ ಇಲ್ಲಿಗೆ ಬಂದ.

1777ರ ಅದೇ ಸೆಪ್ಟೆಂಬರಿನಲ್ಲಿ ಬ್ರಿಟಿಷರು ವಿಲ್ಮಿಂಗ್ಟನ್ ಹಿಡಿದು ಡೆಲವೇರಿನ ಅಧ್ಯಕ್ಷ, ಎಂದರೆ ರಾಜ್ಯದ ಮುಖ್ಯಸ್ಥ, ಜಾನ್ ಮಕಿನ್ಲಿಯನ್ನು ಸೆರೆ ಒಯ್ದರು. ಒಕ್ಕಲು ಸಿಪಾಯಿಗಳನ್ನು ಕೂಡಿಸಿ ಊರಾಚೆ ಕರೆದೊಯ್ಯಲು ರಾಡ್ನಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಮನೆ, ಹೊಲ ಬಿಟ್ಟು ಬರಲು ಅವರಿಗೆ ಮನಸ್ಸಿಲ್ಲ. 1778ರ ಮಾರ್ಚ್ ಕೊನೆಯಲ್ಲಿ ಶಾಸನಸಭೆ ಅವನನ್ನೇ ರಾಜ್ಯದ ಅಧ್ಯಕ್ಷನನ್ನಾಗಿ ಆರಿಸಿತು. ಎರಡು ವರ್ಷದ ಕೆಳಗೆ ತಳ್ಳಿದ ಮನುಷ್ಯನನ್ನೇ ಕರೆದರು. ಸೈನ್ಯಕ್ಕೆ ಜನ, ದನ, ಧಾನ್ಯ ಹೊಂದಿಸುತ್ತ ಮೂರೂವರೆ ವರ್ಷ ನಡೆಸಿದ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸ್ ಶರಣಾದಾಗ ಡೆಲವೇರಿನ ಅಧ್ಯಕ್ಷ ಇನ್ನೂ ರಾಡ್ನಿಯೇ.

ಇಷ್ಟು ಹೇಳಿ, ಆ ಜುಲೈ 4ರ ಕಾಗದಕ್ಕೆ ಮರಳದೆ ಇರಲಾರೆ. ನನ್ನ ಕೊಯ್ಲನ್ನು ನೋಡಿಕೊ ಎಂದನಲ್ಲ, ಆ ಪೈರು ಕೊಯ್ದವರು ಯಾರು? ಬೈಫೀಲ್ಡಿನ ಹೊಲದಲ್ಲಿ ಬೆವರು ಸುರಿಸುತ್ತಿದ್ದವರು ಗುಲಾಮರು. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆಂಬ ಘೋಷಣೆ ಅಚ್ಚಾಗುತ್ತಿದ್ದಾಗ, ಅದಕ್ಕೆ ಮತ ಕೊಟ್ಟವನ ಹೊಲದಲ್ಲಿ ಕುಡುಗೋಲು ಹಿಡಿದವರಿಗೆ ಆ ಮಾತು ಸಲ್ಲಲಿಲ್ಲ. 1760ರ ದಶಕದಲ್ಲಿ ಗುಲಾಮರನ್ನು ಹೊರಗಿಂದ ತರುವುದನ್ನು ನಿಲ್ಲಿಸುವ ಮಸೂದೆಯನ್ನು ರಾಡ್ನಿ ಬೆಂಬಲಿಸಿದ್ದ, ಅದು ಸಭೆಯಲ್ಲಿ ಬಿದ್ದುಹೋಯಿತು. ತನ್ನ ಉಯಿಲಿನಲ್ಲಿ ತನ್ನವರ ಬಿಡುಗಡೆಗೆ ವ್ಯವಸ್ಥೆ ಮಾಡಿದ. ಬದುಕಿರುವಾಗ ಮಾಡಲಿಲ್ಲ.

ಮಾಡಲು ಸಾಧ್ಯವೇ ಇರಲಿಲ್ಲವೆ? ಇತ್ತು. ಅದೇ ಸೇಂಟ್ ಜೋನ್ಸ್ ಹೊಳೆಯ ಬದಿಯಲ್ಲಿ, ಕೂಗಳತೆಯಷ್ಟಲ್ಲದಿದ್ದರೂ ನೆರೆಯೆನ್ನುವಷ್ಟು ಹತ್ತಿರ, ಜಾನ್ ಡಿಕಿನ್ಸನ್‌ನ ಜಮೀನಿತ್ತು. ಹೌದು, ಜುಲೈ 2ರ ಮತದಿಂದ ದೂರ ಉಳಿದ ಡಿಕಿನ್ಸನ್. ಅವನು 1777ರಲ್ಲೇ ತನ್ನ ಗುಲಾಮರನ್ನು ಷರತ್ತಿನ ಮೇಲೆ ಬಿಡುಗಡೆ ಮಾಡುವ ಪತ್ರಕ್ಕೆ ಸಹಿ ಹಾಕಿದ, 1786ರ ಹೊತ್ತಿಗೆ ಷರತ್ತನ್ನೂ ತೆಗೆದ. ದೇಶದ ಸ್ವಾತಂತ್ರ್ಯಕ್ಕೆ ರಾತ್ರಿಯೆಲ್ಲ ದಾರಿ ಸವೆಸಿದವನು ಒಬ್ಬ, ಅದಕ್ಕೆ ಕೈ ಎತ್ತದೆ ಮನೆಯಂಗಳದ ಬೇಡಿ ಬಿಚ್ಚಿದವನು ಇನ್ನೊಬ್ಬ. ಒಂದೇ ಹೊಳೆಯ ನೀರು ಕಂಡವರು ಇಬ್ಬರೂ. ರಾಡ್ನಿಯನ್ನು ಪ್ರೀತಿಯಿಂದ ನೆನೆಯುವ ನನಗೆ ಈ ಹೋಲಿಕೆ ನೋವು ಕೊಡುತ್ತದೆ, ಆದರೂ ಇದನ್ನು ಬಿಟ್ಟು ಅವನ ಕಥೆ ಹೇಳಿದರೆ ಆ ಹೊಲದಲ್ಲಿ ದುಡಿದವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ವಿಲ್ಮಿಂಗ್ಟನ್ ನಗರದ ನಡುವೆ 1923ರಿಂದ ನಿಂತಿದ್ದ, ಕುದುರೆಯ ಮೇಲಿನ ರಾಡ್ನಿಯ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಇಳಿಸಿದ್ದರ ಹಿಂದೆ ಇದ್ದದ್ದು ಇದೇ ಪ್ರಶ್ನೆ. 1999ರ ಡೆಲವೇರ್ ನಾಣ್ಯದ ಮೇಲೆ ಮಾತ್ರ ಆ ಕುದುರೆ, ಆ ಸವಾರ ಇನ್ನೂ ಇದ್ದಾರೆ.

ಅಧ್ಯಕ್ಷಗಿರಿ ಮುಗಿದ ಮೇಲೆ ಅವನ ಜಾಗಕ್ಕೆ ಬಂದವನು ಡಿಕಿನ್ಸನ್ನನೇ. ರಾಡ್ನಿಯ ರೋಗ ಉಲ್ಬಣಿಸಿತ್ತು. ಆದರೂ 1783ರಲ್ಲಿ ಜನ ಅವನನ್ನು ಮೇಲ್ಮನೆಗೆ ಆರಿಸಿದರು, ಮೇಲ್ಮನೆ ಅವನನ್ನು ಸ್ಪೀಕರ್ ಮಾಡಿತು. ಅವನಿಗೆ ಡೋವರಿನ ಸಭಾಭವನಕ್ಕೆ ಬರುವ ಶಕ್ತಿ ಉಳಿದಿರಲಿಲ್ಲ. ಸದಸ್ಯರೇ ಅವನ ಮನೆಗೆ ಬಂದು ಅಲ್ಲಿಯೇ ಸಭೆ ಸೇರಿದರು. 1784ರ ಜೂನ್ 26ರಂದು, ಐವತ್ತೈದರ ವಯಸ್ಸಿನಲ್ಲಿ ಅವನು ತೀರಿಕೊಂಡ. ಡೋವರಿನ ಕ್ರೈಸ್ಟ್ ಚರ್ಚಿನ ಅಂಗಳದಲ್ಲಿ ಅವನ ಹೆಸರಿನ ಕಲ್ಲಿದೆ. ಅವನ ಮೈ ಮಾತ್ರ ಬೈಫೀಲ್ಡಿನ ಹೊಲದಲ್ಲೇ, ಗುರುತಿನ ಕಲ್ಲಿಲ್ಲದ ಮಣ್ಣಿನಲ್ಲಿದೆ ಎಂದು ಹಲವು ಇತಿಹಾಸಕಾರರು ನಂಬುತ್ತಾರೆ.

ನಮಸ್ಕಾರ.