ಕಿಡಿಗೆ ಮುಂಚಿನ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಜಾನೆ ಅಡುಗೆಮನೆಗೆ ಕಾಲಿಟ್ಟಾಗ ಗ್ಯಾಸ್ ವಾಸನೆ ಬಡಿದರೆ ನಿಮ್ಮಮ್ಮ ಏನು ಮಾಡುತ್ತಾರೆ? ಲೈಟಿನ ಸ್ವಿಚ್ ಮುಟ್ಟುವುದಿಲ್ಲ, ಕಡ್ಡಿ ಗೀರುವುದಿಲ್ಲ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು, ವಾಸನೆ ಹೋಗುವವರೆಗೆ ಹೊರಗೆ ನಿಲ್ಲುತ್ತಾರೆ. ಕಾರ್ಖಾನೆಯ ಬಾಯ್ಲರ್ ಹೊತ್ತಿಸುವವರಿಗೂ ಇದೇ ಕೆಲಸ ಇದೆ. ಅದಕ್ಕೆ ನಾವು ಪರ್ಜ್ ಎನ್ನುತ್ತೇವೆ. ಎಣ್ಣೆಯಾಗಲಿ ಅನಿಲವಾಗಲಿ ಒಳಗೆ ಬಿಡುವ ಮೊದಲು ಬರೀ ಫ್ಯಾನ್ ಓಡಿಸಿ, ಉರಿ ಉರಿಯುವ ಕೋಣೆಯಾದ ಫರ್ನೇಸಿನಿಂದ ಚಿಮಣಿಯವರೆಗಿನ ಗಾಳಿಯನ್ನು ಕಡಿಮೆಯೆಂದರೂ ನಾಲ್ಕು ಸಲ ಪೂರ್ತಿ ಬದಲಾಯಿಸುವುದು. ನಿಮಿಷದ ಲೆಕ್ಕದ ಕೆಲಸ. ನನ್ನ ಅನುಭವದಲ್ಲಿ ಜನ ಅವಸರಪಡುವುದು ಇಲ್ಲೇ.

ನಾನು ಕೆಲಸ ಕಲಿಯುತ್ತಿದ್ದ ಕಾಲ. ಬಟ್ಟೆ ತೊಳೆಯುವ ಒಂದು ಘಟಕ, ಗಂಟೆಗೆ ಎರಡು ಟನ್ ಹಬೆ ಕೊಡುವ ಡೀಸೆಲ್ ಬಾಯ್ಲರ್. ರಾತ್ರಿ ಪಾಳಿಯ ನಡುವೆ ಬರ್ನರ್ ಆರಿ ಲಾಕೌಟ್ ಆಯಿತು, ಅಂದರೆ ರೀಸೆಟ್ ಗುಂಡಿ ಒತ್ತುವವರೆಗೆ ಮತ್ತೆ ಹೊತ್ತದಂತೆ ತಾನೇ ನಿಂತಿತು. ಹಬೆ ಎಲ್ಲಿ ಎಂದು ಫೋನ್ ಮೇಲೆ ಫೋನ್. ರೀಸೆಟ್ ಒತ್ತಿದೆವು, ಹಿಡಿಯಲಿಲ್ಲ. ಮತ್ತೆ ಒತ್ತಿದೆವು, ಮತ್ತೂ ಒತ್ತಿದೆವು. ನಾಲ್ಕನೆಯ ಸಲ ಹೊತ್ತಿತು, ಢಂ ಎಂದು. ಉರಿ ನೋಡುವ ಕಿಂಡಿಯ ಗಾಜು, ಸೈಟ್ ಗ್ಲಾಸ್, ಪುಡಿಯಾಯಿತು, ಹಿಂಬದಿಯ ಬಾಗಿಲು ಸಡಿಲವಾಯಿತು, ನನಗೆ ಕೆಲಸ ಕಲಿಸುತ್ತಿದ್ದ ಹಿರಿಯರ ಹುಬ್ಬು ಸುಟ್ಟುಹೋಯಿತು. ಜೀವ ಉಳಿದದ್ದೇ ಪುಣ್ಯ.

ಪ್ರತಿ ಸಲವೂ ಫ್ಯಾನ್ ಓಡಿತ್ತಲ್ಲ, ಮತ್ತೇಕೆ ಹೀಗಾಯಿತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಗಾಳಿ ಹೊರಗೆ ದೂಡುವುದು ಆವಿಯನ್ನು. ತಳದಲ್ಲಿ ನಿಂತ ಎಣ್ಣೆಯನ್ನು ಅದು ಒಯ್ಯಲಾರದು. ಚದರ ಸೆಂಟಿಮೀಟರಿಗೆ ಹತ್ತು ಕೆ.ಜಿ. ಒತ್ತಡದಲ್ಲಿ ಬಾಯ್ಲರಿನ ನೀರು ಸುಮಾರು 180 ಡಿಗ್ರಿ ಬಿಸಿ ಇರುತ್ತದೆ. ಆ ನೀರು ಸುತ್ತುವರಿದ ಫರ್ನೇಸ್ ಕೊಳವೆಯ ಮೇಲೆ, ಬರ್ನರ್ ಬಾಯಿಯ ಕಾದ ಇಟ್ಟಿಗೆಯ ಮೇಲೆ, ಹೊತ್ತದೆ ಬಿದ್ದ ಡೀಸೆಲ್ ಪರ್ಜ್ ಮುಗಿದ ಮೇಲೂ ಆವಿಯಾಗುತ್ತಲೇ ಇರುತ್ತದೆ. ಪ್ರತಿ ರೀಸೆಟ್ಟೂ ಅದಕ್ಕೆ ಇನ್ನಷ್ಟು ಎಣ್ಣೆ ಸುರಿದಂತೆ. ಆದ್ದರಿಂದ ಒಂದು ಸಲ ಹಿಡಿಯದಿದ್ದರೆ ಕಾರಣ ಹುಡುಕಿ. ಎಣ್ಣೆಯ ವಾಲ್ವ್ ಮುಚ್ಚಿ, ಒಳಗೆ ತಂಪಾಗಲು ಬಿಟ್ಟು, ತಳ ನೋಡಿ, ಎಣ್ಣೆ ನಿಂತಿದ್ದರೆ ಒರೆಸಿ ತೆಗೆಯಿರಿ.

ಕಾರಣ ಎಷ್ಟೋ ಸಲ ಸಣ್ಣದೇ. ಉರಿ ಇದೆಯೇ ಎಂದು ಬೆಳಕಿನಿಂದ ಗುರುತಿಸುವ ಫೋಟೋಸೆಲ್ ಮೇಲೆ ಮಸಿ ಕೂತಿರುತ್ತದೆ, ಉರಿ ಇದ್ದರೂ ಅದಕ್ಕೆ ಕಾಣುವುದಿಲ್ಲ. ಎಣ್ಣೆ ಸಿಂಪಡಿಸುವ ನಾಜಲ್ ಕಟ್ಟಿಕೊಂಡಿರುತ್ತದೆ. ಕಿಡಿ ಕೊಡುವ ಎಲೆಕ್ಟ್ರೋಡಿನ ಪಿಂಗಾಣಿ ಬಿರುಕು ಬಿಟ್ಟು ಕಿಡಿ ಬೇರೆಲ್ಲೋ ಹಾರುತ್ತಿರುತ್ತದೆ. ಹೊತ್ತಿಸುವ ಮೊದಲೇ ಬರ್ನರ್ ಹೊರಗೆಳೆದು ನೋಡಿದ್ದರೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಕೆಲವರು ಫೋಟೋಸೆಲ್ ಕಿತ್ತು, ಕಿಡಿ ಬರುವ ಹೊತ್ತಿಗೆ ಸರಿಯಾಗಿ ಅದಕ್ಕೆ ಟಾರ್ಚ್ ಹಿಡಿದು ಬರ್ನರನ್ನು ನಂಬಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ, ಮಾಡುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ. ಉರಿ ಆರಿದರೂ ಎಣ್ಣೆ ಸುರಿಯುತ್ತಲೇ ಇರುತ್ತದೆ. ಫೋಟೋಸೆಲ್ ಕಿತ್ತು ಮಾಡಬೇಕಾದ ಪರೀಕ್ಷೆ ಬೇರೆಯೇ ಇದೆ: ಬರ್ನರ್ ಉರಿಯುತ್ತಿರುವಾಗ ಅದನ್ನು ತೆಗೆದು ಅಂಗೈಯಲ್ಲಿ ಮುಚ್ಚಿ. ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ನಿಂತು ಬರ್ನರ್ ಆರಬೇಕು.

ನೀರಿನ ಮಾತು ನಿಮಗೆ ಗೊತ್ತೇ ಇದೆ. ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸನ್ನು ಅದರ ಕಾಕ್ ತೆರೆದು ಊದಿಸಿ ನೋಡಿ, ಬಾಯ್ಲರಿಗೆ ನೀರು ಕೊಡುವ ಫೀಡ್ ಟ್ಯಾಂಕ್ ತುಂಬಿದೆಯೇ ನೋಡಿ. ಜೊತೆಗೆ ಚಿಮಣಿಯ ದಾರಿ ತೆರೆದು ಮುಚ್ಚುವ ಡ್ಯಾಂಪರ್ ತೆರೆದಿದೆಯೇ ನೋಡಿ. ಡ್ಯಾಂಪರ್ ಮುಚ್ಚಿದ್ದರೆ ಪರ್ಜ್ ಮಾಡಿದ್ದೂ ವ್ಯರ್ಥ.

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಅನಿಲದ ಪೈಪ್‌ಲೈನ್ ಬಂದ ಮೇಲೆ ಗ್ಯಾಸ್ ಬರ್ನರ್ ಹಾಕಿಸಿಕೊಂಡ ಕಾರ್ಖಾನೆಗಳಿವೆ. ಅಲ್ಲಿ ಒರೆಸಲು ಏನೂ ಕಾಣುವುದಿಲ್ಲ. ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟು ಮೀಥೇನ್, ಅಂದರೆ ಆ ಅನಿಲದ ಮುಖ್ಯ ಅಂಶ, ಬೆರೆತರೆ ಒಂದು ಕಿಡಿ ಸಾಕು. 1999ರ ಫೆಬ್ರುವರಿ 1ರಂದು ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ, ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯ ವಿದ್ಯುದಾಗಾರದಲ್ಲಿ, ತಪಾಸಣೆಗೆಂದು ನಿಲ್ಲಿಸುತ್ತಿದ್ದ ಬಾಯ್ಲರಿನೊಳಗೆ ಅನಿಲ ತುಂಬಿಕೊಂಡು ಸ್ಫೋಟಿಸಿತು. ಆರು ಜನ ಸತ್ತರು. ಹೊತ್ತಿಸುವಾಗ ಮಾತ್ರವಲ್ಲ, ಆರಿಸಿದ ಮೇಲೂ ಗ್ಯಾಸಿನ ವಾಲ್ವ್ ಬಿಗಿಯಾಗಿ ಮುಚ್ಚಿದೆಯೇ ಎಂದು ನೋಡಲೇಬೇಕು. ಹಿಂದಿನ ಪಾಳಿಯವರು ಮುಚ್ಚಿರುತ್ತಾರೆ ಎಂದುಕೊಂಡು ಸುಮ್ಮನಾಗಬೇಡಿ.

ಬೆಂಕಿ ಸರಿಯಾಗಿ ಹಿಡಿದ ಮೇಲೆ ಸಣ್ಣ ಉರಿಯಲ್ಲೇ ಕಾಯಿಸಿ. ಒಳಗಿನ ಗಾಳಿ ಹೊರಬಿಡುವ ಏರ್ ವೆಂಟಿನಿಂದ ಹಬೆ ಬರತೊಡಗಿದ ಮೇಲೆ ಅದನ್ನು ಮುಚ್ಚಿ. ಲಾಕೌಟ್ ಆಗಿದ್ದರೆ ಎಷ್ಟು ಹೊತ್ತಿಗೆ, ಏಕೆ ಎಂದು ಲಾಗ್ ಬುಕ್ಕಿನಲ್ಲಿ ಬರೆಯಿರಿ.

ಉಸ್ತುವಾರಿ ಹೊತ್ತ ಸಾಹೇಬರಲ್ಲೂ ಒಂದು ಕೋರಿಕೆ. ಅಂದು ರಾತ್ರಿ ನಮ್ಮ ಕೈ ರೀಸೆಟ್ ಮೇಲೆ ಮತ್ತೆ ಮತ್ತೆ ಹೋದದ್ದು ಆ ಫೋನಿನಿಂದ. ನಾಳೆ ನೀವು ಫೋನ್ ಮಾಡಿದಾಗ, "ಪರ್ಜ್ ನಡೀತಿದೆ ಸಾರ್, ಇನ್ನೂ ಸ್ವಲ್ಪ ಹೊತ್ತಾಗುತ್ತೆ" ಎಂದು ನಿಮ್ಮ ಬಾಯ್ಲರ್ ಅಟೆಂಡೆಂಟ್ ಹೇಳಿದರೆ, "ಸರಿ, ಆಗಲಿ" ಎಂದು ಫೋನ್ ಇಟ್ಟುಬಿಡಿ.

ನಮಸ್ಕಾರ.