ಕಾಬೂಲಿನ ಮೇಲೆ ಹಾರಿದ ಒಂಟಿ ವಿಮಾನ

ಕೇಳುಗರೇ, ನಮಸ್ಕಾರ. ಭಾರತದ ವಾಯವ್ಯ ಗಡಿಯ ಕಾವಲಿಗೆ ಬ್ರಿಟಿಷರು ವಿಮಾನಗಳನ್ನು ಬಳಸತೊಡಗಿದ ಕಾಲದ ಬಗ್ಗೆ ಮಾತನಾಡಲು ನನಗೆ ಕೆಲವೇ ನಿಮಿಷಗಳಿವೆ. ಆದ್ದರಿಂದ ಹೇಳಬೇಕಾದುದನ್ನು ಮೊದಲೇ ಹೇಳಿಬಿಡುತ್ತೇನೆ: ವಿಮಾನ ಹೆದರಿಸಬಲ್ಲದು, ನೆಲವನ್ನು ಹಿಡಿದಿಡಲಾರದು.

1915ರ ಕೊನೆಗೆ ಭಾರತಕ್ಕೆ ಬಂದ ಬ್ರಿಟಿಷ್ ವಿಮಾನದಳದ ತುಕಡಿ, 31ನೇ ಸ್ಕ್ವಾಡ್ರನ್, ಪೇಶಾವರಕ್ಕೆ ಸಮೀಪದ ರಿಸಾಲ್‌ಪುರದಲ್ಲಿ ನೆಲೆಯೂರಿತು. ಅದರ ವಿಮಾನಗಳು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದಂಥವು. ಕಾದ ಗಾಳಿಯಲ್ಲಿ ಮೇಲೇರಲಾರದೆ ಕಣಿವೆಯೊಳಗೇ ಹಾರುತ್ತಿದ್ದಾಗ, ಪಠಾಣರು ಬೆಟ್ಟದ ಮೇಲೆ ಕುಳಿತು ಅವುಗಳತ್ತ ಕೆಳಮುಖವಾಗಿ ಗುಂಡು ಹಾರಿಸುತ್ತಿದ್ದರು.

1919ರ ಮೇ ತಿಂಗಳಲ್ಲಿ ಅಫ್ಘಾನಿಸ್ತಾನದ ಅಮೀರ, ಅಂದರೆ ದೊರೆ, ಅಮಾನುಲ್ಲಾನೊಡನೆ ಯುದ್ಧ ಆರಂಭವಾಯಿತು. ಆಗ ಭಾರತದಲ್ಲಿ ಹ್ಯಾಂಡ್ಲಿ ಪೇಜ್ ಕಂಪನಿಯ ನಾಲ್ಕು ಎಂಜಿನ್‌ಗಳ ಒಂದೇ ಒಂದು ದೈತ್ಯ ವಿಮಾನವಿತ್ತು. ಬರ್ಲಿನ್ ಮೇಲೆ ಬಾಂಬ್ ಹಾಕಲೆಂದು ರೂಪಿಸಿದ ಮಾದರಿ ಅದು; ಅಷ್ಟರಲ್ಲಿ ಮಹಾಯುದ್ಧವೇ ಮುಗಿದುಹೋಯಿತು. ಮೇ 24ರ ನಸುಕಿನಲ್ಲಿ ಕ್ಯಾಪ್ಟನ್ ಹ್ಯಾಲಿ ಅದನ್ನು ರಿಸಾಲ್‌ಪುರದಿಂದ ಮೇಲೆಬ್ಬಿಸಿ, ಬೆಟ್ಟಸಾಲುಗಳನ್ನು ಹೇಗೋ ದಾಟಿಸಿ, ಸುಮಾರು ಮೂರು ಗಂಟೆಗಳ ಹಾರಾಟದ ನಂತರ ಕಾಬೂಲ್ ತಲುಪಿದ. ಒಟ್ಟು ಇಪ್ಪತ್ತು ಬಾಂಬ್‌ಗಳು, ಅವುಗಳಲ್ಲಿ ಹದಿನಾರು ತಲಾ ಒಂಬತ್ತು ಕಿಲೋದಷ್ಟು ಮಾತ್ರ ತೂಗುವಂಥವು. ಅರಮನೆಗೆ ಆದ ಹಾನಿ ಅಲ್ಪ, ಊರಿನಲ್ಲಿ ಹಬ್ಬಿದ ದಿಗಿಲು ಅಪಾರ. ಲಂಡನ್ ಮೇಲೆ ಜರ್ಮನರು ಬಾಂಬ್ ಹಾಕಿದರೆ ಅನಾಗರಿಕತೆ, ನಮ್ಮ ಮೇಲೆ ನೀವು ಹಾಕಿದರೆ ಏನು ಎಂಬ ಅರ್ಥ ಬರುವಂತೆ ಅಮೀರ ಪತ್ರ ಬರೆದ; ಆ ಮಾತಿಗೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಅತ್ತ ಆ ವಿಮಾನದ ಮರಕ್ಕೆ ಗೆದ್ದಲು ಹಿಡಿದಿತ್ತಂತೆ! ಅದು ಮತ್ತೆ ಯುದ್ಧಕ್ಕೆ ಹೋಗಲಿಲ್ಲ.

ಈ ಒಂದು ಹಾರಾಟವೇ ಯುದ್ಧವನ್ನು ಮುಗಿಸಿತೆಂದು ಹೇಳುವವರು ಇಂದಿಗೂ ಇದ್ದಾರೆ. ದಯವಿಟ್ಟು ದಿನಾಂಕಗಳನ್ನು ನೋಡಿರಿ. ಬಾಂಬ್ ಬಿದ್ದ ಮೂರೇ ದಿನಗಳಲ್ಲಿ, ಮೇ 27ರಂದು, ಅಫ್ಘನ್ ಸೇನಾನಿ ನಾದಿರ್ ಖಾನ್ ಗಡಿಯಲ್ಲಿದ್ದ ಬ್ರಿಟಿಷರ ಥಲ್ ಕೋಟೆಗೆ ಮುತ್ತಿಗೆ ಹಾಕಿದ. ಹೆದರಿ ಕುಳಿತವರು ಹಾಗೆ ಮುನ್ನುಗ್ಗುತ್ತಾರೆಯೇ? ಆ ಮುತ್ತಿಗೆಯನ್ನು ಬಿಡಿಸಿದ್ದು ಸುಡುಬಿಸಿಲಿನಲ್ಲಿ ನಡೆದುಹೋದ ಕಾಲಾಳುಗಳು. ಅವರ ದಂಡನಾಯಕ, ಏಳೇ ವಾರಗಳ ಹಿಂದೆ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಅದೇ ಡೈಯರ್. ಕದನವಿರಾಮವಾದದ್ದು ಜೂನ್ 3ರಂದು. ಮತ್ತೆ ಹೇಳುತ್ತೇನೆ, ವಿಮಾನ ನೆಲವನ್ನು ಹಿಡಿದಿಡಲಾರದು.

ಕಾಬೂಲಿನ ಕಥೆಯೇ ಸಮಯವನ್ನೆಲ್ಲ ನುಂಗಿತು, ಕ್ಷಮಿಸಿರಿ. 1925ರಲ್ಲಿ ವಿಂಗ್ ಕಮಾಂಡರ್ ಪಿಂಕ್ ಭೂಸೇನೆಯ ನೆರವಿಲ್ಲದೆ, ಕೇವಲ ವಿಮಾನಗಳಿಂದ ವಾಯವ್ಯ ಗಡಿಯ ದಕ್ಷಿಣ ವಜೀರಿಸ್ತಾನದ ಮಹಸೂದರೆಂಬ ಪಠಾಣ ಬುಡಕಟ್ಟಿನವರನ್ನು 54 ದಿನಗಳಲ್ಲಿ ಮಣಿಸಿದ್ದು ನಿಜ. ವಾಯುಪಡೆಯವರು ಇದನ್ನು ಬಹಳ ಮೆರೆಸುತ್ತಾರೆ. ಆದರೆ ಹತ್ತು-ಹನ್ನೆರಡು ವರ್ಷಗಳಲ್ಲಿ ಅದೇ ವಜೀರಿಸ್ತಾನದಲ್ಲಿ ಇಪಿಯ ಫಕೀರನೆಂಬ ಧರ್ಮಗುರು ಬಂಡೆದ್ದಾಗ, ವಿಮಾನಗಳ ಜೊತೆಗೆ ಹತ್ತಾರು ಸಾವಿರ ಸೈನಿಕರೂ ಬೆಟ್ಟ ಹತ್ತಬೇಕಾಯಿತು; ಹೊಸದಾಗಿ ಹುಟ್ಟಿದ ಭಾರತೀಯ ವಾಯುಪಡೆಯ ವಾಪಿಟಿ ವಿಮಾನಗಳೂ ಅಲ್ಲಿ ಹಾರಿದವು. ಫಕೀರ ಯಾರ ಕೈಗೂ ಸಿಗಲಿಲ್ಲ. ಬ್ರಿಟಿಷರು ಭಾರತವನ್ನು ಬಿಟ್ಟುಹೋದ ಮೇಲೂ ಹದಿಮೂರು ವರ್ಷ ಬದುಕಿದ್ದು, 1960ರಲ್ಲಿ ತೀರಿಕೊಂಡ.